ಪದಚರ್ಚೆ: ಕಾರಿನಿಂದ ಮನೆಗೆ ಬರುವ ಕರೆಂಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ತೊಡಕು ಹೊತ್ತು ಬಂದಿದ್ದೇನೆ. ಬಿಡಿಸುತ್ತಾ ಹೋದರೆ ಅದು ನಾಲ್ಕೈದಾಗುತ್ತದೆ. ಮೊದಲಿನವುಗಳಿಗೆ ನನ್ನದೇ ಒಂದು ಉತ್ತರ ಇದೆ, ತಪ್ಪಿದ್ದರೆ ತಿದ್ದಿ. ಕೊನೆಯದಕ್ಕೆ ಮಾತ್ರ ನಿಮ್ಮ ನೆರವು ಬೇಕೇ ಬೇಕು.

ನಮ್ಮೂರು ತೀರ್ಥಹಳ್ಳಿ ಕಡೆ. ಪುನರ್ವಸು ಮಳೆ ಹಿಡಿಯಿತು ಅಂದರೆ ಇಲ್ಲಿ ಕರೆಂಟು ಹೋಗುವುದು ಗಂಟೆ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ಕಾಡಿನ ನಡುವೆ ಲೈನು ಬಂದಿದೆ. ಒಂದು ಮರ ಬಿದ್ದರೆ ನಾಲ್ಕು ಕಂಬ ಮಲಗುತ್ತವೆ. ಯುಪಿಎಸ್ ಮೊದಲ ರಾತ್ರಿಯೇ ಕೈಚೆಲ್ಲುತ್ತದೆ. ಹೋದ ವರ್ಷ ಮನೆಗೊಂದು ಎಲೆಕ್ಟ್ರಿಕ್ ಕಾರು ಬಂತು. ಅದನ್ನು ಚಾರ್ಜಿಗೆ ಹಾಕುವ ಜಾಗಕ್ಕೇ ಒಂದು ಅಡಾಪ್ಟರ್ ಸಿಕ್ಕಿಸಿದರೆ ಮಾಮೂಲಿ ಪ್ಲಗ್ ಹಾಕುವ ಸಾಕೆಟ್ಟು ಸಿಗುತ್ತದೆ. ಅಲ್ಲಿಂದ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ವೈರು ಎಳೆದು ಫ್ರಿಜ್ಜು, ನಾಲ್ಕು ಲೈಟು, ಎರಡು ಫ್ಯಾನು, ವೈಫೈ ನಡೆಸಿದೆವು. ಮೂರು ದಿನ ಹಾಗೇ ಕಳೆದೆವು.

ಇದನ್ನು ನೋಡಿ ಅಂಥದೇ ಕಾರಿರುವ ಎರಡು ಮನೆಯವರು ‘ಹೇಗೆ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ’ ಅಂದರು. ಕಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ಪರಿಚಯದವರೊಬ್ಬರು ಅದರ ಆ ಭಾಗವನ್ನು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತಿರುಗಿಸಿ ಕಳಿಸಿದರು. ನಾನು ತಿದ್ದಲು ಕೂತೆ. ಮೊದಲ ಸಾಲಿನಲ್ಲೇ ಎಡವಿದೆ.

‘ವಾಹನದಿಂದ ಹೊರೆಗೆ ಸೌಲಭ್ಯ’ ಅಂತ ಇತ್ತು.

ವಿ2ಎಲ್, ಅಂದರೆ ‘ವೆಹಿಕಲ್ ಟು ಲೋಡ್’ ಅನ್ನುವುದರ ಕನ್ನಡ ಅದು. ಕಾರಿನಿಂದ ನೇರವಾಗಿ ಒಂದು ಉಪಕರಣಕ್ಕೆ ಕರೆಂಟು ಕೊಡುವುದು ವಿ2ಎಲ್. ಇಡೀ ಮನೆಯ ವೈರಿಂಗಿಗೆ ಕೊಡುವುದು ವಿ2ಎಚ್ (ಎಚ್ ಅಂದರೆ ಹೋಮ್). ಊರಿನ ಲೈನಿಗೇ ವಾಪಸ್ ಮಾರುವುದು ವಿ2ಜಿ (ಜಿ ಅಂದರೆ ಗ್ರಿಡ್). ವಿ2ಎಲ್‌ನ ಕೊನೆಯ ಅಕ್ಷರ ‘ಲೋಡ್’ ಆದ್ದರಿಂದ ‘ಹೊರೆ’ ಬಂದಿದೆ. ಆದರೆ ನಮ್ಮಲ್ಲಿ ಹೊರೆ ಅಂದರೆ ಸೊಪ್ಪಿನ ಹೊರೆ, ಸೌದೆ ಹೊರೆ, ಸಾಲದ ಹೊರೆ. ಓದಿದವರಿಗೆ ಕಾರಿನಲ್ಲಿ ಸಾಮಾನು ಸಾಗಿಸುವ ವಿಷಯ ಅನ್ನಿಸುತ್ತದೆ. ಕರೆಂಟಿನ ಮಾತಿಗೆ ನಾವು ‘ಲೋಡು’ ಅಂತಲೇ ಅನ್ನುತ್ತೇವೆ: ‘ಲೋಡ್ ಜಾಸ್ತಿ ಆಯ್ತು, ಟ್ರಿಪ್ ಆಯ್ತು.’ ಅದನ್ನು ಹಾಗೇ ಬಿಡುವುದು ಸರಿ ಅಂತ ನನ್ನ ಅಭಿಪ್ರಾಯ.

‘ವಾಹನದಿಂದ ಮನೆಗೆ’ ಅನ್ನುವುದರಲ್ಲಿ ಇನ್ನೊಂದು ತೊಡಕಿದೆ. ಅದು ‘ಗೆ’ಯಲ್ಲಿ ಮುಗಿದುಬಿಟ್ಟಿದೆ. ಅದರ ಮೇಲೆ ಮತ್ತೊಂದು ವಿಭಕ್ತಿ ಕೂರುವುದಿಲ್ಲ. ‘ವಾಹನದಿಂದ ಮನೆಗೆಯನ್ನು ಬಳಸಿ’ ಅನ್ನಲಾದೀತೇ? ಆಗ ‘ಸೌಲಭ್ಯ’, ‘ತಂತ್ರಜ್ಞಾನ’, ‘ವ್ಯವಸ್ಥೆ’ ಅಂತ ಏನಾದರೂ ಒಂದು ಬಾಲ ಕಟ್ಟಬೇಕಾಗುತ್ತದೆ. ಕರಡಿನ ಪ್ರತಿ ಸಾಲಿನಲ್ಲೂ ಆ ಬಾಲ ಇತ್ತು.

ಉತ್ತರ ಕೊಟ್ಟಿದ್ದು ನಮ್ಮ ದೊಡ್ಡಮ್ಮ. ಎರಡನೇ ದಿನ ಬೆಳಿಗ್ಗೆ ಮಿಕ್ಸಿ ತಿರುಗುವ ಸದ್ದು ಕೇಳಿ ಒಳಗಿನಿಂದ ಕೇಳಿದರು: ‘ಮಾಣಿ, ಕರೆಂಟು ಬಂತನಾ? ಅಲ್ಲ, ಕಾರಿನ ಕರೆಂಟಾ?’ ಅಷ್ಟೇ. ‘ಜನರೇಟರ್ ಕರೆಂಟು’, ‘ಸೋಲಾರ್ ಕರೆಂಟು’, ‘ಯುಪಿಎಸ್ ಕರೆಂಟು’ ಇದ್ದ ಹಾಗೆ ‘ಕಾರಿನ ಕರೆಂಟು’. ಇದು ನಾಮಪದ. ಯಾವ ಪ್ರತ್ಯಯ ಬೇಕಾದರೂ ಹಚ್ಚಬಹುದು. ಹಾಳೆಯಲ್ಲಿ ಇದನ್ನೇ ಹಾಕಿದ್ದೇನೆ.

ಇನ್ನು ‘ಬ್ಯಾಕಪ್’. ಕರಡಿನಲ್ಲಿ ‘ಪರ್ಯಾಯ ವಿದ್ಯುತ್ ಪೂರೈಕೆ’ ಅಂತಿತ್ತು. ನನಗೆ ಇದು ಒಪ್ಪಿಗೆಯಿಲ್ಲ. ಪರ್ಯಾಯ ಅಂದರೆ ಒಂದರ ಬದಲಿಗೆ ಇನ್ನೊಂದು. ಬ್ಯಾಕಪ್ ಬದಲಿಯಲ್ಲ, ಹಿಂದೆ ನಿಂತು ಕಾಯುವಂಥದ್ದು. ಅದೂ ಅಲ್ಲದೆ ಅಂಗಡಿಯಲ್ಲಿ ನಾವು ‘ಎಷ್ಟು ಬ್ಯಾಕಪ್ ಬರುತ್ತೆ?’ ಅಂತ ಕೇಳುತ್ತೇವಲ್ಲ, ಅಲ್ಲಿ ಬ್ಯಾಕಪ್ ಅಂದರೆ ಗಂಟೆ. ‘ನಾಲ್ಕು ಗಂಟೆ ಬ್ಯಾಕಪ್.’ ಇಂಗ್ಲಿಷಿನಿಂದ ಬಂದ ಪದ ಇಲ್ಲಿಗೆ ಬಂದು ಕಾಲದ ಅಳತೆಯೇ ಆಗಿಬಿಟ್ಟಿದೆ. ಕನ್ನಡದಲ್ಲಿ ‘ಒತ್ತಾಸೆ’ ಅನ್ನುವ ಒಳ್ಳೆಯ ಮಾತಿದೆ. ಹಿಂದಿನಿಂದ ಕೊಡುವ ಆಸರೆ. ‘ಒತ್ತಾಸೆ ಕರೆಂಟು’ ಅಂದರೆ ಕಿವಿಗೆ ಹಿತವಾಗಿದೆ. ಆದರೆ ‘ಎಷ್ಟು ಒತ್ತಾಸೆ ಬರುತ್ತೆ?’ ಅಂತ ಯಾರೂ ಕೇಳಲಾರರು. ಹಾಗಾಗಿ ಗಂಟೆಯ ಅರ್ಥದಲ್ಲಿ ‘ಬ್ಯಾಕಪ್’ ಇರಲಿ. ಕ್ರಿಯಾಪದ ಬೇಕಾದ ಕಡೆ ‘ಹೊತ್ತಿಗಾಗು’ ಬಳಸಿದ್ದೇನೆ. ‘ಕರೆಂಟು ಹೋದಾಗ ಕಾರು ಹೊತ್ತಿಗಾಗುತ್ತದೆ.’ ಇದು ‘ಆಪತ್ತಿಗಾದವನೇ ನೆಂಟ’ ಅನ್ನುವುದರ ‘ಆಗು’. ಈ ‘ಆಗು’ವನ್ನು ನಾವು ಬರಹದಲ್ಲಿ ಯಾಕೋ ಕಡಿಮೆ ಬಳಸುತ್ತೇವೆ.

ಮೂರನೆಯದು ‘ಸಾಮರ್ಥ್ಯ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿ ಪದ ತಪ್ಪಿದರೆ ಕೆಲಸವೂ ಕೆಡುತ್ತದೆ.

ಕರಡಿನಲ್ಲಿ ಒಂದು ಕಡೆ ‘40 ಕಿಲೋವ್ಯಾಟ್ ಅವರ್ ಸಾಮರ್ಥ್ಯ’ ಅಂತ ಇತ್ತು. ಇನ್ನೊಂದು ಕಡೆ ‘3.3 ಕಿಲೋವ್ಯಾಟ್ ಸಾಮರ್ಥ್ಯ’. ಎರಡಕ್ಕೂ ಒಂದೇ ಪದ. ನಮ್ಮ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ವ್ಯಾಟಿನಲ್ಲಿ ಅಳೆಯುವುದಕ್ಕೆ ‘ಸಾಮರ್ಥ್ಯ’ ಅನ್ನುತ್ತಾರೆ. ಟ್ಯಾಂಕು, ಪಾತ್ರೆ ಎಷ್ಟು ಹಿಡಿಸುತ್ತದೆ ಅನ್ನುವುದಕ್ಕೂ ‘ಸಾಮರ್ಥ್ಯ’ ಅನ್ನುತ್ತಾರೆ. ಹಾಗಾಗಿ ಬರೆದವರ ತಪ್ಪೂ ಅಲ್ಲ ಅದು. ಆದರೆ ಓದುವವರು ‘40ರ ಬ್ಯಾಟರಿ ಇದೆ, ಗೀಸರು ಹಾಕಿದರೇನು?’ ಅಂದುಕೊಳ್ಳುತ್ತಾರೆ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವುದು ಬೇರೆ, ನಲ್ಲಿಯಲ್ಲಿ ಒಮ್ಮೆಗೆ ಎಷ್ಟು ಬರುತ್ತದೆ ಅನ್ನುವುದು ಬೇರೆ. ಈ ಕಾರಿನ ನಲ್ಲಿ 3.3. ಎರಡು ಕಿಲೋವ್ಯಾಟಿನ ಗೀಸರು, ಅದರ ಜೊತೆ ಎರಡು ಕಿಲೋವ್ಯಾಟಿನ ಇಂಡಕ್ಷನ್ ಒಲೆ ಹಾಕಿದರೆ ಕಾರು ಕೊಡುವುದನ್ನೇ ನಿಲ್ಲಿಸುತ್ತದೆ. ದೊಡ್ಡ ಕಾರು ಅಂದ ಮಾತ್ರಕ್ಕೆ ನಲ್ಲಿಯೂ ದೊಡ್ಡದಿರಬೇಕಾಗಿಲ್ಲ. 2023ರಲ್ಲಿ ಇಲ್ಲಿಗೆ ಬಂದ ಹ್ಯುಂಡೈ ಅಯಾನಿಕ್ 5ರ ಬ್ಯಾಟರಿ 72.6. ನಲ್ಲಿ ಮಾತ್ರ 3.6.

ಹಿಡಿಸುವ ಅಳತೆಗೆ ನಮ್ಮಲ್ಲಿ ಆಗಲೇ ಒಂದು ಪದ ಮನೆಮನೆಯಲ್ಲಿದೆ: ಯೂನಿಟ್. ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್ ಅಂದರೇನು ಅಂತ ಗೊತ್ತಿಲ್ಲದ ಮನೆಯೇ ಇಲ್ಲ. ಹಾಗಾಗಿ ‘40 ಯೂನಿಟ್ ಬ್ಯಾಟರಿ’ ಅಂತ ಬರೆದೆ. ಲೆಕ್ಕ ತಾನಾಗಿ ಹೊಳೆಯುತ್ತದೆ. ಯುಪಿಎಸ್‌ನ 150 ಎಎಚ್ ಬ್ಯಾಟರಿ ಒಂದರಲ್ಲಿ ಇರುವುದು 1.8 ಯೂನಿಟ್. ಅಂಥ 22 ಬ್ಯಾಟರಿ ಸೇರಿದರೆ ಒಂದು ಕಾರು. ಗೀಸರು, ಪಂಪು ಬಿಟ್ಟರೆ ನಮ್ಮ ಮನೆಗೆ ದಿನಕ್ಕೆ ನಾಲ್ಕು ಯೂನಿಟ್ ಸಾಕು. ಮೂರು ದಿನ ಕಳೆದ ಮೇಲೆ ಕಾರು ನೂರಕ್ಕೆ 90ರಿಂದ 55ಕ್ಕೆ ಇಳಿದಿತ್ತು. ಶಿವಮೊಗ್ಗಕ್ಕೆ ಹೋಗಿಬರಲು ಇನ್ನೂ ಧಾರಾಳವಾಗಿ ಉಳಿದಿತ್ತು. ‘ನಲ್ಲಿ’ಗೆ ಮಾತ್ರ ಸರಿಯಾದ ಪದ ಸಿಕ್ಕಿಲ್ಲ. ಸದ್ಯಕ್ಕೆ ‘ಒಮ್ಮೆಗೆ 3.3 ಕಿಲೋವ್ಯಾಟ್ ಮೀರಬಾರದು’ ಅಂತ ಬಿಡಿಸಿ ಬರೆದಿದ್ದೇನೆ.

ಕಾರಿಗೆ ಕರೆಂಟು ತುಂಬುವ, ಕಾರಿನಿಂದ ವಾಪಸ್ ತೆಗೆಯುವ, ಎರಡೂ ಕೆಲಸ ಮಾಡುವ ಚಾರ್ಜರಿಗೆ ‘ದ್ವಿಮುಖ’ ಅಂತಿತ್ತು. ‘ಕೊಡುಕೊಳ್ಳುವ ಚಾರ್ಜರ್’ ಅಂದರೆ ಸಾಕಲ್ವಾ? ಈ ಜಾತಿಯ ಕೊಡುಕೊಳ್ಳುವಿಕೆ ಮೊದಲು ಮನೆಗೆ ಬಂದಿದ್ದು ಜಪಾನಿನಲ್ಲಿ. 2011ರ ಮಾರ್ಚಿನ ಭೂಕಂಪ, ಸುನಾಮಿಯ ನಂತರ ಕರೆಂಟಿನ ಕೊರತೆ ಕಾಡಿತು. ಮರುವರ್ಷವೇ ನಿಸಾನ್ ಕಂಪನಿ ತನ್ನ ಲೀಫ್ ಕಾರಿನಿಂದ ಮನೆ ನಡೆಸುವ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಆ ಚಾರ್ಜಿಂಗ್ ಪದ್ಧತಿಯ ಹೆಸರು ‘ಚಾಡೆಮೋ’. ಚಾರ್ಜ್ ಮಾಡು, ಮುಂದೆ ಸಾಗು ಅನ್ನುವ ಅರ್ಥದ ಮಾತುಗಳಿಂದ ಕಟ್ಟಿದ್ದು. ಜಪಾನಿನವರ ಕಿವಿಗೆ ಮಾತ್ರ ಅದು ‘ಒಂದು ಚಹಾ ಆದರೂ ಕುಡಿಯೋಣವೇ?’ ಅನ್ನುವ ಉಪಚಾರದ ಮಾತಿನಂತೆಯೂ ಕೇಳುತ್ತದೆ. ಚಾರ್ಜ್ ಆಗುವಷ್ಟರಲ್ಲಿ ಒಂದು ಚಹಾ ಅಂತ. ತಂತ್ರಜ್ಞಾನದ ಹೆಸರನ್ನು ಮನೆಯ ಜಗುಲಿಯಿಂದಲೇ ಎತ್ತಿಕೊಂಡಿದ್ದಾರೆ. ಇದು ಗೊತ್ತಾದಾಗಿನಿಂದ ‘ದ್ವಿಮುಖ’ ಬರೆಯಲು ಕೈ ಏಳುತ್ತಿಲ್ಲ.

ಈಗ ನನ್ನ ನಿಜವಾದ ಪ್ರಶ್ನೆ.

ಕರಡಿನಲ್ಲಿ ಎಚ್ಚರಿಕೆಯ ಒಂದು ಸಾಲು ಹೀಗಿತ್ತು: ‘ಹಿಮ್ಮುಖ ಪೋಷಣೆಯನ್ನು ತಪ್ಪಿಸಿ.’ ಇಂಗ್ಲಿಷಿನ ‘ಬ್ಯಾಕ್‌ಫೀಡ್’ ಅನ್ನುವುದರ ಕನ್ನಡ ಅದು. ಇದನ್ನು ಓದಿ ಯಾರು ಹೆದರುತ್ತಾರೆ? ಪೋಷಣೆ ಅಂದರೆ ಸಾಕಿ ಸಲಹುವುದು. ಅದನ್ನೇಕೆ ತಪ್ಪಿಸಬೇಕು ಅನ್ನಿಸುತ್ತದೆ. ಆದರೆ ಇಡೀ ಹಾಳೆಯಲ್ಲಿ ಒಂದು ಜೀವ ಉಳಿಸುವ ಸಾಲು ಅದೊಂದೇ.

ವಿಷಯ ಇಷ್ಟು. ಎಕ್ಸ್‌ಟೆನ್ಷನ್ ವೈರಿನಲ್ಲಿ ಫ್ರಿಜ್ಜು ನಡೆಸಿದರೆ ತೊಂದರೆ ಇಲ್ಲ. ಕೆಲವರು ಎರಡೂ ತುದಿಗೆ ಪಿನ್ ಇರುವ ವೈರು ಮಾಡಿಸಿ, ಕಾರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೇ ಚುಚ್ಚಿಬಿಡುತ್ತಾರೆ. ಆಗ ಇಡೀ ಮನೆ ಬೆಳಗುತ್ತದೆ. ಮೇನ್ ಆಫ್ ಮಾಡಲು ಮರೆತರೆ ಅದೇ ಕರೆಂಟು ಮೀಟರು ದಾಟಿ ಕಂಬಕ್ಕೆ ಹೋಗುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಮನೆಗೆ ಬೇಕಾದ 230ಕ್ಕೆ ಇಳಿಸುತ್ತದೆ. ಮನೆ ಕಡೆಯಿಂದ ತಳ್ಳಿದರೆ ಅದೇ ಟ್ರಾನ್ಸ್‌ಫಾರ್ಮರ್ ಇಳಿಸುವುದಿಲ್ಲ, ಏರಿಸುತ್ತದೆ. ಆಚೆ ಲೈನಿನಲ್ಲಿ ಸಾವಿರಾರು ವೋಲ್ಟು ಏಳಬಹುದು. ಅಕ್ಕಪಕ್ಕದ ಮನೆಗಳ ಲೋಡು ಬಿದ್ದು ಕಾರು ತಾನೇ ನಿಲ್ಲುವ ಸಂಭವ ಜಾಸ್ತಿ, ನಿಜ. ಆದರೆ ಅದನ್ನು ನಂಬಿ ಯಾರನ್ನೂ ಕಂಬ ಹತ್ತಿಸಲಾಗದು. ಇಡೀ ಮನೆಗೇ ಕೊಡಬೇಕಾದರೆ ಲೈನಿನ ಕರೆಂಟು ಇಲ್ಲವೇ ಕಾರಿನ ಕರೆಂಟು, ಎರಡರಲ್ಲಿ ಒಂದೇ ಸೇರುವಂಥ ಚೇಂಜೋವರ್ ಸ್ವಿಚ್ಚು ಬೇಕು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಹಾಕಬೇಕು.

ನಮ್ಮ ಮಾತಿನಲ್ಲಿ ‘ಕರೆಂಟು ಹೋಯ್ತು’ ಬೇರೆ, ‘ಕರೆಂಟು ತೆಗೆದಿದ್ದಾರೆ’ ಬೇರೆ. ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ದಲ್ಲಿ ಈ ಎರಡೂ ಕರಗಿಹೋಗಿವೆ. ‘ತೆಗೆದಿದ್ದಾರೆ’ ಅಂದರೆ ಎಲ್ಲೋ ಒಬ್ಬರು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನು ಬಂದ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ತೆಗೆದುಕೊಂಡು ಕಂಬದ ಮೇಲಿದ್ದಾರೆ ಅಂತ ಅರ್ಥ. ಹಳೆಯ ಕಚೇರಿ ಕನ್ನಡದಲ್ಲಿ ಅವರಿಗೆ ‘ಮಾರ್ಗದಾಳು’ ಅನ್ನುತ್ತಿದ್ದರು. ಈ ಮಳೆಯಲ್ಲಿ ನಮ್ಮ ಲೈನು ಸರಿಮಾಡಲು ಬಂದವರನ್ನೇ ನಾನು ಕೇಳಿದೆ: ‘ಮನೆ ಕಡೆಯಿಂದ ಕರೆಂಟು ಬರೋದಕ್ಕೆ ನೀವು ಏನಂತೀರಿ?’ ಅವರು ಹೇಳಿದರು: ‘ರಿಟರ್ನ್ ಬರೋದು ಅಂತೀವಿ ಸಾರ್. ಲೈನ್ ಚಾರ್ಜ್ ಆಗಿಬಿಡುತ್ತೆ. ನಮಗೆ ಗೊತ್ತೇ ಆಗಲ್ಲ.’

‘ರಿಟರ್ನ್’ ಅವರಿಗೆ ಸಾಕು. ಮನೆಯವರಿಗೆ ಸಾಲದು. ‘ಚಾರ್ಜ್’ ಅಂತೂ ಈ ಹಾಳೆಯಲ್ಲಿ ಬೇಡವೇ ಬೇಡ. ಕಾರು ಚಾರ್ಜ್ ಆಗುವುದು ಒಳ್ಳೆಯದು, ಲೈನು ಚಾರ್ಜ್ ಆಗುವುದು ಅಪಾಯ. ಎರಡನ್ನೂ ಒಂದೇ ಹಾಳೆಯಲ್ಲಿ ಹೇಗೆ ಹೇಳುವುದು?

ನಾನು ಯೋಚಿಸಿದ್ದು ‘ಹಿನ್ನೀರು’. ಮಲೆನಾಡಿನವರಿಗೆ ಆ ಪದ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿ ಹಿನ್ನೀರಿನಲ್ಲಿ ಊರುಗಳೇ ಮುಳುಗಿವೆ, ಅದೂ ಕರೆಂಟಿಗಾಗಿಯೇ. ಹೋಗಬೇಕಾದ ಕಡೆ ಹೋಗದೆ ಹಿಂದಕ್ಕೆ ಏರಿದ ನೀರು ಅದು. ಅದೇ ಜಾಡಿನಲ್ಲಿ ‘ಹಿಂಗರೆಂಟು’ ಮಾಡಬಹುದೇ? ಹಿಂಗಾಲು, ಹಿಂಗಾರು ಇದ್ದ ಹಾಗೆ. ‘ಕರೆಂಟು’ ಇಂಗ್ಲಿಷಿನ ಪದ, ಅದಕ್ಕೆ ಆದೇಶ ಸಂಧಿ ಹತ್ತುತ್ತದೆಯೇ ಅಂತ ಕೇಳಬಹುದು. ‘ಕಾಲ’ ಸಂಸ್ಕೃತದ್ದು, ಆದರೂ ‘ಮಳೆಗಾಲ’ ಆಗಿದೆ. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದಿದ್ದು 1905ರಲ್ಲಿ. ಕರೆಂಟು ನಮ್ಮ ನಾಲಿಗೆಗೆ ಒಗ್ಗಿಹೋಗಿದೆ, ನಮ್ಮದೇ ಪದ ಅಂತ ಎಣಿಸಬಹುದು.

ಆದರೆ ಒಂದು ಅಳುಕಿದೆ. ‘ಹಿಂಗು’ ಅಂದರೆ ಇಲ್ಲವಾಗು, ತೀರಿಹೋಗು. ಬಾಯಾರಿಕೆ ಹಿಂಗುತ್ತದೆ. ಅವಸರದಲ್ಲಿ ಓದಿದವರು ‘ಹಿಂಗಿದ ಕರೆಂಟು’ ಅಂದುಕೊಂಡರೆ ಅರ್ಥ ಪೂರಾ ತಿರುವುಮುರುವು. ಕರೆಂಟು ಇದೆ ಅಂತ ಎಚ್ಚರಿಸಬೇಕಾದ ಪದ ಕರೆಂಟು ಇಲ್ಲ ಅಂದಂತಾಗುತ್ತದೆ. ಈ ಭಯಕ್ಕೇ ಅದನ್ನು ಹಾಳೆಗೆ ಹಾಕಿಲ್ಲ.

ಸದ್ಯಕ್ಕೆ ಪದವನ್ನು ಬಿಟ್ಟು ವಾಕ್ಯ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ, ಹಾಳೆಯ ತಲೆಯ ಮೇಲೆ: ‘ನಿಮ್ಮ ಕಾರಿನ ಕರೆಂಟು ಕಂಬ ಹತ್ತಬಾರದು. ಕಂಬದ ಮೇಲೆ ಒಬ್ಬರಿದ್ದಾರೆ.’

ನನ್ನ ಕೇಳಿಕೆ ಇದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಟೂರಿಂಗ್ ಟಾಕೀಸುಗಳಲ್ಲಿ ಜನರೇಟರು ಎಷ್ಟೋ ವರ್ಷದಿಂದ ಇದೆ. ಇದೇ ಅಪಾಯ ಅಲ್ಲಿಯೂ ಇದ್ದಿರಲೇಬೇಕು. ಅಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಇದಕ್ಕೆ ಏನಾದರೂ ಪದ ಬಳಸುತ್ತಿದ್ದರೇ? ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಏನನ್ನುತ್ತಾರೆ? ಇಂಗ್ಲಿಷಿನ ಪದವೇ ಆದರೂ ಸರಿ, ಕೇಳಿದ ತಕ್ಷಣ ಕೈ ಹಿಂದೆ ಸರಿಯುವಂಥದ್ದಾಗಿರಬೇಕು. ಹಾಳೆಯನ್ನು ಮುಂದಿನ ಆರಿದ್ರಾ ಮಳೆಗೆ ಮೊದಲು ಅಚ್ಚು ಹಾಕಿಸಿ ಹಂಚಬೇಕು ಅಂತಿದ್ದೇನೆ. ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.