ಸಾಲ ತೀರಿದ ಆಫ್‌ಸೆಟ್ ಯಂತ್ರ ಇಟ್ಟುಕೊಳ್ಳಲೇ, ಡಿಜಿಟಲ್‌ಗೆ ಹೋಗಲೇ?

ಪ್ರಶ್ನೆ (ಮುದ್ರಣಾಲಯದ ಮಾಲೀಕರು, ದಾವಣಗೆರೆ):

ತಂದೆಯವರು ಶುರು ಮಾಡಿದ ಆಫ್‌ಸೆಟ್ ಮುದ್ರಣಾಲಯವನ್ನು ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಇವೇ ನಮ್ಮ ಜೀವಾಳ. ಹಿಂದೆ ಒಂದು ಮದುವೆಗೆ ಸಾವಿರ ಪತ್ರಿಕೆ ಅಚ್ಚು ಹಾಕಿಸುತ್ತಿದ್ದ ಮನೆತನದವರೇ ಈಗ ಇನ್ನೂರಕ್ಕೆ ಇಳಿದಿದ್ದಾರೆ. ಉಳಿದ ನೆಂಟರಿಗೆಲ್ಲ ವಾಟ್ಸ್‌ಆ್ಯಪ್. ಬಿಲ್ ಪುಸ್ತಕವನ್ನು ಕಂಪ್ಯೂಟರ್ ನುಂಗಿತು. ಡಿಜಿಟಲ್ ಯಂತ್ರ ತರೋಣ ಎಂದು ಮಗ ಹಟ ಹಿಡಿದಿದ್ದಾನೆ. ಸಾಲ ತೀರಿ ಸೊಗಸಾಗಿ ಓಡುತ್ತಿರುವ ಯಂತ್ರ ಇರುವಾಗ ಹೊಸ ಸಾಲವನ್ನು ತಲೆಗೆ ಕಟ್ಟಿಕೊಳ್ಳುವುದೇ? ಕಾಲ ಬದಲಾದದ್ದು ತಿಳಿಯದೆ ದೊಡ್ಡ ದೊಡ್ಡ ಕಂಪನಿಗಳೇ ಮುಳುಗಿದವು ಎನ್ನುತ್ತಾರೆ. ನಮ್ಮಂಥವರ ಪಾಡೇನು?

ಉತ್ತರ (ವೆಚ್ಚ ಲೆಕ್ಕಿಗ, ಬೆಂಗಳೂರು):

ನಿಮ್ಮ ಕೊನೆಯ ಮಾತನ್ನು ಮೊದಲು ತಿದ್ದುತ್ತೇನೆ. ಮುಳುಗಿದ ಕಂಪನಿಗಳಿಗೆ ಕಾಲ ಬದಲಾದದ್ದು ಚೆನ್ನಾಗಿಯೇ ತಿಳಿದಿತ್ತು. ತಿಳಿದೂ ಕಾಲು ಕೀಳಲಾಗಲಿಲ್ಲ, ಏಕೆಂದರೆ ಅವರ ಖರ್ಚೆಲ್ಲ ಹಳೆಯ ಕೆಲಸದ ಅಳತೆಗೆ ಹೊಲಿದ ಅಂಗಿಯಾಗಿತ್ತು.

ನಮ್ಮೂರಿನ ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಜನತಾ, ಪೈಲಟ್, ಕೋಹಿನೂರ್ ಎಂಬ ಹೆಸರುಗಳು ಮನೆಮಾತಾದವು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೂ ಮದುವೆಯ ಅಳಿಯನಿಗೂ ಅದೇ ಉಡುಗೊರೆ. ಜಪಾನಿನ ಸೀಕೊ 1969ರಲ್ಲೇ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಈಗಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದಲ್ಲಿ ಒಂದು ಸಣ್ಣ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಆ ಕೆಲಸವನ್ನು ಒಂದು ಚಿಪ್ ಮಾಡಿಬಿಡುತ್ತದೆ. ದಿನಾ ಕೀ ಕೊಡಬೇಕಿಲ್ಲ, ಕೂದಲೆಳೆಯಂಥ ಸ್ಪ್ರಿಂಗನ್ನು ಹದಕ್ಕೆ ತರುವ ನುರಿತ ಕೈ ಬೇಕಿಲ್ಲ.

ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲವೇ? 1980ರ ದಶಕದ ಆರಂಭದಲ್ಲೇ, ಟೈಟನ್ ಇನ್ನೂ ಹುಟ್ಟುವ ಮೊದಲೇ, ಅದು ಕ್ವಾರ್ಟ್ಜ್ ಗಡಿಯಾರವನ್ನು ತಂದಿತ್ತು. ಆದರೆ ಅದರ ಕಾರ್ಖಾನೆಗಳು, ಯಂತ್ರಗಳು, ಸಾವಿರಾರು ಕಾರ್ಮಿಕರ ಕೈಚಳಕ ಎಲ್ಲವೂ ಕೀ ಕೊಡುವ ಗಡಿಯಾರದ ಹಲ್ಲುಚಕ್ರಗಳಿಗಾಗಿ ಇದ್ದವು. ಒಂದು ಕ್ವಾರ್ಟ್ಜ್ ಮಾರಿದರೆ ಆ ಯಂತ್ರಗಳಿಗೆ ಅಷ್ಟು ಕೆಲಸ ಕಡಿಮೆ. ಒಳಗಿನ ಲೆಕ್ಕದಲ್ಲಿ ಹೊಸ ಮಾಲು ಯಾವಾಗಲೂ ಮಲಮಗುವೇ. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಸರ್ಕಾರಿ ಸಂಸ್ಥೆ ಟಿಡ್ಕೊ ಸೇರಿ ಕಟ್ಟಿದ ಟೈಟನ್‌ಗೆ ಕಾಪಾಡಿಕೊಳ್ಳಬೇಕಾದ ಹಳೆಯ ಯಂತ್ರವೇ ಇರಲಿಲ್ಲ. ಹೊಸೂರಿನಲ್ಲಿ ಕುಳಿತು ಕ್ವಾರ್ಟ್ಜನ್ನೇ ನೆಚ್ಚಿಕೊಂಡಿತು. ಅದರ ಮುಖ್ಯಸ್ಥ ಜರ್ಕ್ಸೀಸ್ ದೇಸಾಯಿ ಗಡಿಯಾರವನ್ನು ಆಭರಣದಂತೆ ಕಾಣುವ ಮಳಿಗೆಗಳನ್ನು ತೆರೆಸಿದರು. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ.

ಈಗ ನಿಮ್ಮ ಮುದ್ರಣಾಲಯ. ಆಫ್‌ಸೆಟ್‌ನಲ್ಲಿ ಒಂದು ಕೆಲಸ ಹಿಡಿದರೆ ಪ್ಲೇಟ್ (ಅಚ್ಚಿನ ತಗಡು) ಮಾಡಿಸಬೇಕು, ಯಂತ್ರಕ್ಕೆ ಏರಿಸಬೇಕು, ಬಣ್ಣ ಕೂಡಿಬರುವ ತನಕ ಒಂದಷ್ಟು ಹಾಳೆ ಕೆಡಬೇಕು. ನೂರು ಪ್ರತಿ ತೆಗೆದರೂ ಸಾವಿರ ತೆಗೆದರೂ ಈ ಖರ್ಚು ಅಷ್ಟೇ. ಉದಾಹರಣೆಗೆ ಅದನ್ನು 3,000 ರೂಪಾಯಿ ಎನ್ನೋಣ, ಕಾಗದ ಮತ್ತು ಶಾಯಿ ಪತ್ರಿಕೆಗೆ 4 ರೂಪಾಯಿ. ಸಾವಿರಕ್ಕೆ ತಲಾ 7 ರೂಪಾಯಿ ಬಿತ್ತು. ಇನ್ನೂರಕ್ಕೆ 19! ಡಿಜಿಟಲ್‌ನಲ್ಲಿ ಪ್ಲೇಟ್ ಇಲ್ಲ, ಆದರೆ ಯಂತ್ರದ ಕಂಪನಿಗೆ ಪ್ರತಿ ಅಚ್ಚಿಗೂ ಶುಲ್ಕ ಕಟ್ಟಬೇಕು; ಎಷ್ಟು ತೆಗೆದರೂ ತಲಾ 14 ಎನ್ನೋಣ. ಮುನ್ನೂರರ ಹತ್ತಿರ ಎರಡೂ ಸಮ. ನಿಮ್ಮ ಗಿರಾಕಿ ಸಾವಿರದಿಂದ ಇನ್ನೂರಕ್ಕೆ ಇಳಿದಾಗ ಆ ಗೆರೆಯನ್ನು ದಾಟಿ ಆಚೆ ಹೋದ. ಈ ಅಂಕಿಗಳು ನನ್ನವು. ನಿಮ್ಮ ಕೆಲಸದ ಚೀಟಿಗಳನ್ನು ಹರಡಿಕೊಂಡು ನಿಮ್ಮ ಗೆರೆ ಎಲ್ಲಿದೆ ಎಂದು ಕಂಡುಕೊಳ್ಳಿ.

ಯಂತ್ರದ ಸಾಲ ತೀರಿರುವುದು ಸಮಾಧಾನದ ಸಂಗತಿ, ಅದನ್ನು ಇಟ್ಟುಕೊಳ್ಳಲು ಕಾರಣವಲ್ಲ. ಮಾರಲೂ ಕಾರಣವಲ್ಲ. ಕೊಟ್ಟ ಹಣ ಹೋಯಿತು. ಇನ್ನು ಮುಂದೆ ಅದರಿಂದ ಏನು ಬರುತ್ತದೆ, ಅದಕ್ಕೆ ಏನು ಸುರಿಯಬೇಕು ಎಂಬುದಷ್ಟೇ ಲೆಕ್ಕ.

ಮರುಪ್ರಶ್ನೆ (ಸದಸ್ಯರು, ಮೈಸೂರು):

ಎಚ್‌ಎಂಟಿ ಸರ್ಕಾರಿ ಸಂಸ್ಥೆ. ಬೆಲೆ ನಿಗದಿಯಿಂದ ಹಿಡಿದು ನೇಮಕದವರೆಗೆ ದೆಹಲಿಯ ಕಡತಕ್ಕೆ ಕಾಯಬೇಕು. ಖಾಸಗಿಯವರಿಗೆ ಆ ಉದಾಹರಣೆ ಒಪ್ಪುತ್ತದೆಯೇ?

ಉತ್ತರ (ವೆಚ್ಚ ಲೆಕ್ಕಿಗ):

ಅರ್ಧ ಒಪ್ಪಿದೆ. ಆದರೆ ಅಮೆರಿಕದ ಫೋಟೊ ಫಿಲ್ಮ್ ಕಂಪನಿ ಕೊಡಾಕ್‌ಗೆ ಯಾವ ದೆಹಲಿ ಇತ್ತು? 1975ರಲ್ಲಿ ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದ್ದು ಅಲ್ಲಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್. ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಕೊಡಾಕ್ ನಿದ್ದೆ ಮಾಡಿತು ಎಂಬುದು ಕಟ್ಟುಕತೆ. 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದೇ ಅದು. ಆದರೆ ಲಾಭ ಹುಟ್ಟುತ್ತಿದ್ದದ್ದು ಫಿಲ್ಮ್, ಕಾಗದ ಮತ್ತು ರಾಸಾಯನಿಕದಲ್ಲಿ. ಗಿರಾಕಿ ಕ್ಯಾಮೆರಾವನ್ನು ಒಮ್ಮೆ ಕೊಳ್ಳುತ್ತಾನೆ, ಫಿಲ್ಮ್ ರೋಲನ್ನು ಮತ್ತೆ ಮತ್ತೆ. ಡಿಜಿಟಲ್‌ನಲ್ಲಿ ಆ ‘ಮತ್ತೆ ಮತ್ತೆ’ ಇರಲಿಲ್ಲ. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಜಪಾನಿನ ಫ್ಯೂಜಿಫಿಲ್ಮ್ ಕೂಡ ಅದೇ ಏಟನ್ನು ತಿಂದಿತು. 2003ರಲ್ಲಿ ಚುಕ್ಕಾಣಿ ಹಿಡಿದ ಶಿಗೆತಾಕ ಕೊಮೊರಿ ಫಿಲ್ಮ್ ವಿಭಾಗದಲ್ಲಿ ಸಾವಿರಾರು ಹುದ್ದೆಗಳನ್ನು ಕಡಿದರು. ಅದು ನೋವಿಲ್ಲದೆ ಆದದ್ದಲ್ಲ. ಜೊತೆಗೆ ತಮ್ಮ ರಸಾಯನಶಾಸ್ತ್ರ ಇನ್ನೆಲ್ಲಿ ಬೆಲೆ ಬಾಳುತ್ತದೆ ಎಂದು ಹುಡುಕಿಸಿದರು. ಎಲ್‌ಸಿಡಿ ಪರದೆಗೆ ಬೇಕಾದ ತೆಳು ಹಾಳೆ ಅವರ ಫಿಲ್ಮ್ ತಯಾರಿಕೆಯ ಸಂಬಂಧಿ. ಫಿಲ್ಮಿನಲ್ಲಿ ಜೆಲಟಿನ್ ಇರುತ್ತದೆ, ಅದು ನಮ್ಮ ಚರ್ಮದಲ್ಲೂ ಇರುವ ಕೊಲಾಜನ್ ಎಂಬ ಪ್ರೋಟೀನ್‌ನಿಂದ ಬರುವಂಥದ್ದು. ಬಣ್ಣ ಮಾಸದಂತೆ ತಡೆಯುವ ವಿದ್ಯೆಯೂ ಕೈಯಲ್ಲಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಚರ್ಮದ ಕ್ರೀಮ್ ಮಾರಲು ನಿಂತರು. ಕೇಳಿದವರು ನಕ್ಕಿರಬಹುದು.

ಮರುಪ್ರಶ್ನೆ (ಸ್ಟುಡಿಯೋ ಮಾಲೀಕರು, ಹಾಸನ):

ಅಂಥ ಪ್ರಯೋಗಶಾಲೆ ನಮ್ಮ ಬಳಿ ಎಲ್ಲಿದೆ? ಸಣ್ಣವರ ಉದಾಹರಣೆ ಕೊಡಿ.

ಉತ್ತರ (ವೆಚ್ಚ ಲೆಕ್ಕಿಗ):

1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್. ಒಂದು ಹೋಟೆಲು, ಅಷ್ಟೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರು ಹೇಳಿಕೊಳ್ಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆಯನ್ನು ಕಟ್ಟಿಹಾಕಿದಾಗ ಆ ಬೆಲೆಗೆ ಆ ಗುಣಮಟ್ಟ ಕೊಡಲಾಗದೆ ಹೋಟೆಲನ್ನೇ ಮುಚ್ಚಿದರು. ಕೆಲಸಗಾರರ ಕೈಗೆ ಕೆಲಸ ಬೇಕಲ್ಲ? ಮಸಾಲೆ ಪುಡಿ, ದಿಢೀರ್ ಮಿಶ್ರಣಗಳ ಪೊಟ್ಟಣ ಮಾರತೊಡಗಿದರು. ಹೋಟೆಲ್ ಮುಂದೆ ಮತ್ತೆ ತೆರೆಯಿತು; ಪೊಟ್ಟಣದ ವ್ಯಾಪಾರ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಕೈ ಸೇರಿತು. ಮೇಜು ಕುರ್ಚಿ ಯಾವುದೂ ಹೊಸ ವ್ಯಾಪಾರಕ್ಕೆ ಬೇಕಾಗಲಿಲ್ಲ. ಯಾವುದಕ್ಕೆ ಎಷ್ಟು ಹಾಕಬೇಕೆಂಬ ಹದ, ಮತ್ತು ಆ ಹೆಸರಿನ ಮೇಲೆ ಜನರಿಗಿದ್ದ ನಂಬಿಕೆ ಬೇಕಾದವು.

ಪ್ರಶ್ನೆ ಕೇಳಿದವರು, ದಾವಣಗೆರೆ:

ಸರಿ, ನಾಳೆ ಬೆಳಗ್ಗೆ ನಾನು ಏನು ಮಾಡಲಿ? ಇನ್ನೊಂದು ವಿಷಯ: ತಂದೆಯವರ ಕಾಲದ, ಮೊಳೆ ಜೋಡಿಸಿ ಅಚ್ಚು ಹಾಕುವ ಟ್ರೆಡಲ್ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಗುಜರಿಯವನು ಬೆಲೆ ಹೇಳಿಹೋಗಿದ್ದಾನೆ, ಕೊಡಲೇ?

ಉತ್ತರ (ವೆಚ್ಚ ಲೆಕ್ಕಿಗ):

ಡಿಜಿಟಲ್ ಯಂತ್ರವನ್ನು ಈಗಲೇ ಕೊಳ್ಳಬೇಡಿ. ಗೆರೆಯ ಕೆಳಗಿನ ಕೆಲಸಗಳನ್ನೆಲ್ಲ ಒಂದು ಮದುವೆ ಹಂಗಾಮು ಪೂರ್ತಿ ಹೊರಗೆ ಡಿಜಿಟಲ್ ಇರುವವರ ಬಳಿ ಮಾಡಿಸಿ, ನಿಮ್ಮ ಲಾಭಾಂಶ ಇಟ್ಟುಕೊಂಡು ಗಿರಾಕಿಗೆ ಕೊಡಿ. ಮಗನಿಗೆ ಆ ಖಾತೆಯ ಜವಾಬ್ದಾರಿ ವಹಿಸಿ. ಎಷ್ಟು ಕೆಲಸ ಬಂತು ಎಂಬುದು ಬರಹದಲ್ಲಿರಲಿ. ಬ್ಯಾಂಕಿನ ಕಂತು ಆಷಾಢದಲ್ಲೂ ಬಂದೇ ಬರುತ್ತದೆ, ಮದುವೆ ಬರುವುದಿಲ್ಲ. ವರ್ಷದ ಒಟ್ಟು ಕೆಲಸ ಹನ್ನೆರಡು ಕಂತುಗಳನ್ನು ಹೊರುವಂತಿದ್ದರೆ ಆಗ ಯಂತ್ರದ ಮಾತಾಡೋಣ.

ಆಫ್‌ಸೆಟ್‌ಗೆ ಸಾವಿರಗಟ್ಟಲೆ ಪ್ರತಿಯ ಕೆಲಸ ಬೇಕು. ಲಗ್ನಪತ್ರಿಕೆಯಲ್ಲಿ ಅದು ಇನ್ನು ಸಿಗುವುದಿಲ್ಲ. ಬೇಕರಿಯ ಕೇಕ್ ಡಬ್ಬಿ, ಸಿಹಿತಿಂಡಿಯ ಪೆಟ್ಟಿಗೆ, ಊದುಬತ್ತಿಯ ಹೊದಿಕೆ ಇವನ್ನು ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಾರರು. ನಿಮ್ಮ ಊರಿನ ಬೇಕರಿಗಳು ಡಬ್ಬಿಯನ್ನು ಎಲ್ಲಿಂದ ತರಿಸುತ್ತವೆ, ಎಷ್ಟು ದಿನ ಕಾಯುತ್ತವೆ ಎಂದು ಈ ವಾರವೇ ಹೋಗಿ ವಿಚಾರಿಸಿ.

ಡಬ್ಬಿ ಮಾಡಲು ಅಚ್ಚಾದ ಹಾಳೆಯನ್ನು ಆಕಾರಕ್ಕೆ ಕತ್ತರಿಸಿ, ಮಡಿಕೆಯ ಗೆರೆ ಒತ್ತಬೇಕು. ಅದಕ್ಕೆ ಹೊಸ ಯಂತ್ರ ದುಬಾರಿ. ಸಣ್ಣ ಡಬ್ಬಿಗಳಿಗೆ ಎಷ್ಟೋ ಮುದ್ರಣಾಲಯಗಳಲ್ಲಿ ಇಂದಿಗೂ ಆ ಕೆಲಸವನ್ನು ಹಳೆಯ ಟ್ರೆಡಲ್‌ನಲ್ಲೇ, ಅಕ್ಷರದ ಮೊಳೆ ಇರುತ್ತಿದ್ದ ಜಾಗದಲ್ಲಿ ಡೈ (ಕತ್ತರಿಸುವ ಅಲಗಿನ ಚೌಕಟ್ಟು) ಕೂರಿಸಿ ಮಾಡುತ್ತಾರೆ. ಗುಜರಿಯವನನ್ನು ವಾಪಸ್ ಕಳಿಸಿ. ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಅದರ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆಯೇ ಎಂದು ನೋಡಿಸಿ.