ಒಂದೇ ಮಂಡಿಯ ನೀರು, ಎರಡು ಲ್ಯಾಬ್, ಎರಡು ರಿಪೋರ್ಟ್: ಯಾವುದನ್ನು ನಂಬೋದು?

ಮೂಳೆವಿಭಾಗ_ಪಿಜಿ:
ಊದಿಕೊಂಡ ಮಂಡಿಯಿಂದ ಒಂದೇ ಸಲಕ್ಕೆ ತೆಗೆದ ದ್ರವ. ಆಸ್ಪತ್ರೆ ಲ್ಯಾಬ್ ಅದೇ ದಿನ ನೋಡಿ ಬಿಳಿ ಕಣ ಮೈಕ್ರೋಲೀಟರ್‌ಗೆ 38,000, ‘ಹರಳು ಕಂಡಿಲ್ಲ’ ಅಂತ ಕೊಟ್ಟಿದೆ. ಹೊರಗಿನ ಲ್ಯಾಬ್‌ಗೆ ಮರುದಿನ ತಲುಪಿದ್ದು: 14,000, ‘ಸೂಜಿಯಂಥ ಹರಳು ಇವೆ’. ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೋಡುವ ಪರೀಕ್ಷೆ) ಎರಡೂ ಕಡೆ ನೆಗೆಟಿವ್. ಗೌಟ್ (ಯೂರೇಟ್ ಹರಳು ಕೀಲಲ್ಲಿ ಸೇರಿ ಬರುವ ಊತ) ಅಂತ ಸುಮ್ಮನಿರಬಹುದಾ? ಇಷ್ಟೊಂದು ವ್ಯತ್ಯಾಸ ಹೇಗೆ?

ನ್ಯೂಬಾರ್_ಚೌಕ:
ಕಣದ ಲೆಕ್ಕಕ್ಕೆ ಮೊದಲ ದಿನದ್ದನ್ನೇ ಹಿಡೀರಿ. ಹೊರಗಿಟ್ಟ ದ್ರವದಲ್ಲಿ ಬಿಳಿ ಕಣ ಒಡೀತಾ ಹೋಗುತ್ತವೆ. ಒಂದು ಗಂಟೆಯೊಳಗೆ ಎಣಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಬೇಕು. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ) ತೆಗೆದಿಟ್ಟ ಪಾಲನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ.

ಎರಡನೇ ಅನುಮಾನ ಡೈಲ್ಯೂಟ್ ಮಾಡೋಕೆ (ತೆಳು ಮಾಡೋಕೆ) ಬಳಸಿದ ದ್ರವದ ಮೇಲೆ. ರಕ್ತಕ್ಕೆ ಬಳಸುವ ಡಬ್ಲ್ಯುಬಿಸಿ (ಬಿಳಿ ಕಣ) ಫ್ಲೂಯಿಡ್‌ನಲ್ಲಿ ಅಸಿಟಿಕ್ ಆಸಿಡ್ ಇರುತ್ತೆ. ಕೀಲಿನ ದ್ರವಕ್ಕೆ ಅದು ಬಿದ್ದ ಕೂಡಲೇ ಅದರಲ್ಲಿರುವ ಅಂಟು ಪದಾರ್ಥ ಹಯಲುರಾನಿಕ್ ಆಸಿಡ್ ಬಿಳೀ ಗಂಟು ಕಟ್ಟಿಕೊಂಡು ಕಣಗಳನ್ನು ಒಳಗೇ ಸೆಳೆದುಕೊಳ್ಳುತ್ತೆ. ಚೇಂಬರ್‌ನಲ್ಲಿ (ಕಣ ಎಣಿಸುವ ಚೌಕ ಕೊರೆದ ಗಾಜು) ಒಂದು ಚೌಕ ಖಾಲಿ, ಪಕ್ಕದ್ದರಲ್ಲಿ ಗುಂಪು ಅಂತ ಕಂಡರೆ ಇದೇ ಕಾರಣ. ಸಾದಾ ಸಲೈನ್ ಬಳಸಿ. ರಕ್ತ ಜಾಸ್ತಿ ಇದ್ದರೆ 0.3% ಸಲೈನ್: ಕೆಂಪು ಕಣ ಒಡೆಯುತ್ತವೆ, ಬಿಳಿ ಕಣ ಉಳಿಯುತ್ತವೆ. ತೀರಾ ಅಂಟಂಟಾಗಿದ್ದರೆ ಆ ಅಂಟನ್ನು ಒಡೆಯುವ ಕಿಣ್ವ ಹಯಲುರೊನಿಡೇಸ್ ಹಾಕಿ ಸ್ವಲ್ಪ ಹೊತ್ತು ಬಿಡಿ.

1:20 ಮಾಡಿ ನಾಲ್ಕು ಮೂಲೆ ಚೌಕ ಎಣಿಸಿದರೆ ಸಿಕ್ಕ ಸಂಖ್ಯೆಗೆ 50ರ ಗುಣಾಕಾರ. ಎಣಿಸಿದ್ದು ಬರೀ 100 ಕಣವಾದರೆ, ಎಲ್ಲ ಸರಿಯಾಗಿ ಮಾಡಿದರೂ ಶೇ. 20ರಷ್ಟು ಆಚೀಚೆ ಇದ್ದೇ ಇರುತ್ತೆ.

ಧ್ರುವೀಕೃತ:
ಹರಳಿನ ವಿಷಯದಲ್ಲಿ ನನ್ನ ಮತ ಎರಡನೇ ಲ್ಯಾಬ್ ಕಡೆಗೆ, ಆದರೆ ಷರತ್ತಿನೊಂದಿಗೆ. ಯೂರೇಟ್ ಹರಳು ಒಂದು ದಿನ ಇಟ್ಟರೆ ಕರಗಿಹೋಗಲ್ಲ. ‘ಕಂಡಿಲ್ಲ’ ಅಂದವರು ಪೋಲರೈಸರ್ (ಹರಳು ಹೊಳೆಯುವಂತೆ ಬೆಳಕನ್ನು ಸೋಸುವ ಫಿಲ್ಟರ್) ಇಲ್ಲದ ಸಾದಾ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರಾ, ಕೇಳಿ. ಕಾಂಪೆನ್ಸೇಟರ್ (ಹರಳಿಗೆ ಬಣ್ಣ ಬರಿಸುವ ಫಿಲ್ಟರ್) ಹಾಕಿದಾಗ ಅದರ ಸ್ಲೋ ಆಕ್ಸಿಸ್‌ಗೆ (ಫಿಲ್ಟರ್‌ನ ಒಂದು ನಿಗದಿತ ದಿಕ್ಕು) ಸಮಾಂತರವಾಗಿ ಬಿದ್ದ ಯೂರೇಟ್ ಸೂಜಿ ಹಳದಿ, ಅಡ್ಡ ಬಿದ್ದದ್ದು ನೀಲಿ. ಸಿಪಿಪಿಡಿ (ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು) ಇದಕ್ಕೆ ತಿರುಗಾಮುರುಗಾ. ಗಿಡ್ಡ, ಹೊಳಪು ಕಮ್ಮಿ, ಎಷ್ಟೋ ಹರಳು ಹೊಳೆಯೋದೇ ಇಲ್ಲ. ಲ್ಯಾಬ್‌ಗಳು ಹೆಚ್ಚು ತಪ್ಪಿಸಿಕೊಳ್ಳೋದು ಇದನ್ನೇ.

ಷರತ್ತು ಏನಂದ್ರೆ: ಮಂಡಿಗೆ ಹಿಂದೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತಾ? ಆ ಔಷಧಿಯ ಹರಳು ಕೀಲಲ್ಲಿ ಉಳಿದಿದ್ದು ಹೊಳೆಯುತ್ತೆ, ಕೆಲವು ಥೇಟ್ ಯೂರೇಟ್ ಥರಾನೇ. ಟ್ಯೂಬ್ ಯಾವುದು? ಪುಡಿ ಇಡಿಟಿಎ, ಲಿಥಿಯಂ ಹೆಪಾರಿನ್, ಆಕ್ಸಲೇಟ್ (ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿಗೆ ಹಾಕಿರೋವು) ತಾವೇ ಹರಳು ಕಟ್ಟುತ್ತವೆ. ಗ್ಲೌಸ್ ಪೌಡರ್ ಮಾಲ್ಟೀಸ್ ಕ್ರಾಸ್ (ನಾಲ್ಕು ತೋಳಿನ ಶಿಲುಬೆ) ಥರ ಕಾಣುತ್ತೆ. ಸ್ಲೈಡನ್ನೂ ಕವರ್‌ಸ್ಲಿಪ್ಪನ್ನೂ ಆಲ್ಕೊಹಾಲ್‌ನಲ್ಲಿ ಒರೆಸಿಯೇ ಹನಿ ಹಾಕಿ. ಬಿಳಿ ಕಣದ ಒಳಗೆ ಹೊಕ್ಕ ಸೂಜಿ ಕಂಡರೆ ಕಸ ಅನ್ನೋ ಸಂಶಯ ಬಹಳ ಮಟ್ಟಿಗೆ ಹೋಗುತ್ತೆ. ಹರಳು ನೋಡೋಕೆ, ದ್ರವ ಎಳೆದ ಸಿರಿಂಜ್ ಸೂಜಿಯ ಹಬ್‌ನಲ್ಲಿ (ಬುಡದಲ್ಲಿ) ಉಳಿದ ಒಂದೇ ಹನಿ ಸಾಕು, ಟ್ಯೂಬಿನ ಗೊಡವೆಯೇ ಬೇಡ.

ನ್ಯೂಬಾರ್_ಚೌಕ:
ಇಡಿಟಿಎ ಪೂರ್ತಿ ಬಿಡೋಕಾಗಲ್ಲ, ಕಣ ಎಣಿಸೋಕೆ ಅದು ಬೇಕು. ಹರಳಿಗೆ ಸೋಡಿಯಂ ಹೆಪಾರಿನ್, ಎಣಿಕೆಗೆ ದ್ರವರೂಪದ ಇಡಿಟಿಎ, ಕಲ್ಚರ್‌ಗೆ ಸ್ಟೆರೈಲ್ ಪಾಲು ಬೇರೆ. ಮೆಷಿನ್‌ನಲ್ಲಿ ಎಣಿಸುವವರಿಗೆ: ಕೊಬ್ಬಿನ ಹನಿ, ಹರಳಿನ ಚೂರುಗಳನ್ನೂ ಅದು ಬಿಳಿ ಕಣ ಅಂತ ಎಣಿಸಬಹುದು. ಗ್ರಾಫ್ ವಿಚಿತ್ರವಾಗಿದ್ದರೆ ಚೇಂಬರ್‌ಗೆ ಹಾಕಿ ನೋಡಿ.

ಕಲ್ಚರ್_ಬೆಂಚ್:
ಮೂಲ ಪ್ರಶ್ನೆಗೆ ಉತ್ತರ: ಸುಮ್ಮನಿರಬಾರದು. ಹರಳು ಇದೆ ಅಂದ ಮಾತ್ರಕ್ಕೆ ಸೋಂಕು ಇಲ್ಲ ಅಂತಲ್ಲ, ಎರಡೂ ಒಟ್ಟಿಗೇ ಇರಬಹುದು. 50,000 ದಾಟಿದರೆ ಸೋಂಕಿನ ಗುಮಾನಿ ಬಲವಾಗುತ್ತೆ ನಿಜ, ಕೆಳಗಿದ್ದರೆ ಪಾರಾದಂತೆ ಅಲ್ಲ. ಗ್ರಾಂ ಸ್ಟೇನ್ ಅರ್ಧಕ್ಕರ್ಧ ಸೋಂಕು ತಪ್ಪಿಸುತ್ತೆ. ಪಾಸಿಟಿವ್ ಬಂದರೆ ಬೆಲೆ, ನೆಗೆಟಿವ್‌ಗೆ ಅಷ್ಟಿಲ್ಲ. ದ್ರವದ ಒಂದು ಪಾಲನ್ನು ಬೆಡ್ ಪಕ್ಕದಲ್ಲೇ, ಆಂಟಿಬಯಾಟಿಕ್ ಶುರುಮಾಡುವ ಮೊದಲು, ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ.

ದನ, ಕುರಿ ಸಾಕುವ ಮನೆಯವರೋ, ಹಸಿ ಹಾಲು ಕುಡಿಯೋರೋ ಆದರೆ ಫಾರಂನಲ್ಲಿ ‘ಬ್ರುಸೆಲ್ಲಾ ಸಂಶಯ’ ಅಂತ ಬರೆಯಿರಿ. ದನ, ಕುರಿಗಳಿಂದ ಬರುವ ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತೆ, ಜೊತೆಗೆ ಲ್ಯಾಬ್‌ನವರಿಗೇ ಅಂಟುವ ಅಪಾಯ ಇದೆ. ವಾರಗಟ್ಟಲೆ ಊದಿದ ಮಂಡಿಯಾದರೆ ಟಿಬಿ ನೆನಪಿಡಿ. ದ್ರವದಲ್ಲಿ ಬ್ಯಾಕ್ಟೀರಿಯಾ ಅತಿ ಕಮ್ಮಿ, ಸೈನೋವಿಯಂ (ಕೀಲಿನ ಒಳಪದರ) ಬಯಾಪ್ಸಿ ಹೆಚ್ಚು ಉಪಯೋಗ.

ಕೃತಕ ಮಂಡಿಯಾಗಿದ್ದರೆ ಈ ಅಂಕಿಗಳು ನಡೆಯಲ್ಲ. ಅಲ್ಲಿ 3,000 ಕಣವೇ ಅನುಮಾನಕ್ಕೆ ಸಾಕು. ಯಾವ ಮಂಡಿ ಅಂತ ಪ್ರಶ್ನೆಯಲ್ಲಿ ಹೇಳಿಲ್ಲ, ಅದನ್ನು ಹೇಳಿ.