ಇನ್ಸ್‌ಪೆಕ್ಟರ್ ಮೇಲೇ ಕೊಲೆ ಕೇಸ್: ಹತ್ತನೇ ಅಧ್ಯಾಯದಲ್ಲಿ ಕಥೆ ನಿಂತಿದೆ, ದಾರಿ ಹೇಳಿ

ಮಳೆಹಕ್ಕಿ:
ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಊರು ಹಾಸನ, ವರ್ಷ 2022. ನಾಯಕ ಇನ್ಸ್‌ಪೆಕ್ಟರ್. ತನ್ನದೇ ಕೇಸಿನ ಸಾಕ್ಷಿಯನ್ನು ಕೊಂದ ಅಂತ ಅವನ ಮೇಲೆ ಸುಳ್ಳು ಆರೋಪ. ಅರೆಸ್ಟ್, ಸಸ್ಪೆಂಡ್, ಆಮೇಲೆ ಜಾಮೀನು. ಹೊರಗೆ ಬಂದವನು ನಿಜವಾದ ಕೊಲೆಗಾರನನ್ನು ಹುಡುಕಬೇಕು. ಹಳೇ ಕಾನ್‌ಸ್ಟೇಬಲ್ ಒಬ್ಬ ಗುಟ್ಟಾಗಿ ಫೈಲ್ ತಂದುಕೊಡುವ ಹಾಗೆ ಬರೆದೆ. ಓದಿದವರೆಲ್ಲ "ಥೇಟ್ ಸಿನಿಮಾ" ಅಂತ ನಕ್ಕರು. ಬೇರೆ ದಾರಿ ಇದೆಯಾ?

ಪುಟಗಳ್ಳ:
ಖಾಸಗಿ ಪತ್ತೇದಾರ ಅಂತ ಮಾಡಿಬಿಡಿ, ಸಸ್ಪೆನ್ಷನ್ ತಲೆನೋವೇ ಇಲ್ಲ.

ಕರಿಕೋಟು:
ಬೇಡ, ಪೊಲೀಸ್ ಆಗಿರುವುದೇ ಇಲ್ಲಿನ ಮಜಾ. ಆ ಕಾನ್‌ಸ್ಟೇಬಲ್‌ನನ್ನು ಬಿಟ್ಟುಬಿಡಿ, ಪಾಪ, ಸುಮ್ನೆ ಅವನ ಕೆಲಸಕ್ಕೂ ಕುತ್ತು. ಫೈಲ್ ಕದಿಯುವ ಅಗತ್ಯವೇ ಇಲ್ಲ. ಚಾರ್ಜ್‌ಶೀಟ್ ಆದ ಮೇಲೆ ಆರೋಪಿಗೆ ಅದರ ಪ್ರತಿ ಪುಕ್ಕಟೆಯಾಗಿ ಕೊಡಲೇಬೇಕು, ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 207ನೇ ಕಲಂ. ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಮಹಜರು (ಸ್ಥಳದಲ್ಲಿ ಸಿಕ್ಕಿದ್ದನ್ನು ಪೊಲೀಸರು ಬರೆದಿಡುವ ದಾಖಲೆ), ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎಲ್ಲ ಅದರಲ್ಲೇ ಬರುತ್ತವೆ. 2024ರ ಜುಲೈ 1ರ ನಂತರದ ಕಥೆಯಾಗಿದ್ದರೆ ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 230ನೇ ಕಲಂ ಅಂತ ಬರೆಯಬೇಕಿತ್ತು.

ಜೀವನವಿಡೀ ಮಹಜರು ಬರೆದ ಮನುಷ್ಯ ಅವನು. ಈಗ ತನ್ನ ಮೇಲಿನ ಮಹಜರನ್ನೇ ಓದುತ್ತಾನೆ. ಚಾಕು ಸಿಕ್ಕಿದ್ದು ತೋಟದಲ್ಲಿ, ಸಂಜೆ 4ರಿಂದ 5ರವರೆಗೆ. ಮಹಜರಿಗೆ ಸಾಕ್ಷಿಯಾಗಿ ನಿಂತ ಪಂಚರ ರುಜು ಇದೆ. ಇನ್ನೊಂದು ಮಹಜರು ತೆಗೆದರೆ ಅದೇ ಪಂಚ, ಅದೇ ದಿನ 4:30ಕ್ಕೆ, ಸಕಲೇಶಪುರದಲ್ಲಿ! ಬೇರೆಯವರು ಪುಟ ತಿರುವುತ್ತಾರೆ, ಇವನು ಅಲ್ಲೇ ನಿಲ್ಲುತ್ತಾನೆ.

ತನಿಖಾಧಿಕಾರಿ ದಿನದಿನವೂ ಬರೆಯುವ ಕೇಸ್ ಡೈರಿ ಮಾತ್ರ ಆರೋಪಿ ಕೈಗೆ ಸಿಗುವುದಿಲ್ಲ. ಕೊಲೆಗಾರನ ಸುಳಿವನ್ನು ಬೇಕಾದರೆ ಅದರೊಳಗೆ ಬಚ್ಚಿಡಿ.

ಮಳೆಹಕ್ಕಿ:
ಅಬ್ಬಾ, ಇದು ಹೊಳೆದೇ ಇರಲಿಲ್ಲ ಸಾರ್! ಆದರೆ ನನ್ನ ಕಥೆಯಲ್ಲಿ ಜಾಮೀನು ಮೊದಲು, ಚಾರ್ಜ್‌ಶೀಟ್ ಆಮೇಲೆ. ಪಂಚನ ಮನೆಗೇ ಹೋಗಿ ವಿಚಾರಿಸಿದರೆ ನಡೆಯುತ್ತಾ?

ಕರಿಕೋಟು:
ಅನುಕ್ರಮ ತಿರುಗಿಸಿ. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಹಾಗಾಗಿ ಕೊನೇ ವಾರದಲ್ಲಿ ಗಡಿಬಿಡಿಯಲ್ಲಿ ಹಾಕಿದರು ಅಂತ ಬರೆಯಿರಿ. ತಪ್ಪುಗಳು ಉಳಿದುಕೊಳ್ಳಲು ಅದೇ ಕಾರಣವಾಗುತ್ತೆ, ಅಲ್ವಾ? ಜೈಲಲ್ಲೇ ಕೂತು ಓದಲಿ, ಜಾಮೀನು ಆಮೇಲೆ ಸಿಗಲಿ.

ಪಂಚನ ಮನೆ ಕಡೆ ತಲೆ ಹಾಕಿದರೆ ಜಾಮೀನು ರದ್ದಾಗಬಹುದು. ಸಾಕ್ಷಿಗಳ ತಂಟೆಗೆ ಹೋಗಬಾರದು ಅಂತ ಸಾಮಾನ್ಯವಾಗಿ ಷರತ್ತು ಇರುತ್ತದೆ. ಪಾಟೀಸವಾಲಿನಲ್ಲಿ ವಕೀಲರೇ ಕೇಳಲಿ, ಇವನು ಹಿಂದಿನಿಂದ ಚೀಟಿ ಬರೆದು ಕೊಡುತ್ತಿರಲಿ.

ಪುಟಗಳ್ಳ:
ಸರಿ ಬಿಡಿ, ಖಾಸಗಿ ಪತ್ತೇದಾರ ಬೇಡ.